ತಾಯ್ನುಡಿ ಒಂದೇ ಇರಬೇಕಂತ ಯಾರು ಹೇಳಿದ್ರು?

"ಮನ್ಯಾಗ ಮಕ್ಕಳ ಜೋಡಿ ಯಾವ ಭಾಷಾ ಮಾತಾಡ್ತೀರಿ?" ಬೆಳಗಾವಿಯಲ್ಲಿ ಇದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ. ಉತ್ತರ ಕೇಳಿದ ಮೇಲೆ ನೀವು ಯಾವ ಕಡೆಯವರು ಅಂತ ಲೆಕ್ಕ ಹಾಕ್ತಾರೆ. ನನ್ನ ತವರು ಖಾನಾಪುರ ತಾಲೂಕು, ಮರಾಠಿ ಮನೆ. ಗಂಡನ ಮನೆ ಬೆಳಗಾವಿ, ಕನ್ನಡ. ಮಕ್ಕಳಿಗೆ ನಾನು ಎರಡರಲ್ಲೂ ಬೈತೀನಿ, ಎರಡರಲ್ಲೂ ಮುದ್ದು ಮಾಡ್ತೀನಿ. ಈ ಉತ್ತರ ಮಾತ್ರ ಯಾರಿಗೂ ಬ್ಯಾಡ.

ಜನಗಣತಿಯ ಪ್ರಕಾರ ತಾಯ್ನುಡಿ ಅಂದರೆ ಬಾಲ್ಯದಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆ. ಮಾತು ಚಲೋ ಐತಿ. ಆದರೆ 2011ರ ನಮೂನೆಯಲ್ಲಿ ಅದಕ್ಕೆ ಜಾಗ ಒಂದಕ್ಕೇ. ಎರಡನೆಯದನ್ನು ‘ಗೊತ್ತಿರುವ ಇತರ ಭಾಷೆ’ ಅಂತ ಬರೆಸಬೇಕು. ನನ್ನ ಮಕ್ಕಳಿಗೆ ಯಾವುದು ‘ಇತರ’, ನೀವೇ ಹೇಳ್ರಿ.

1956ರಲ್ಲಿ ರಾಜ್ಯಗಳ ಗಡಿ ಎಳೆದರು. 1967ರಲ್ಲಿ ಮಹಾಜನ ವರದಿ ಬಂತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ನೆಲದ ಜಗಳ, ಕೋರ್ಟು ನೋಡಿಕೊಳ್ಳಲಿ. ಅದನ್ನು ನಮ್ಮ ಅಡಿಗೆಮನೆಗೆ ಯಾಕೆ ತರಬೇಕು? ಪ್ರತಿ ನವೆಂಬರ್ 1ಕ್ಕೆ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಎಂಇಎಸ್‌ನವರ ಕರಾಳ ದಿನ. ಒಬ್ಬರಿಗೆ ತಾಯಿ ಭುವನೇಶ್ವರಿ, ಇನ್ನೊಬ್ಬರಿಗೆ ಮಾಯ್ ಮರಾಠಿ. ಎರಡೂ ಕಡೆ ತಾಯಿ ಹೆಸರಿಗೇ ಜೈಕಾರ. ಮಕ್ಕಳನ್ನು ಸಾಕುವ ತಾಯಿಯನ್ನು ಮಾತ್ರ ಒಬ್ಬರೂ ಕೇಳೂದಿಲ್ಲ.

"ಹಂಗಾದ್ರ ಕನ್ನಡ ಬ್ಯಾಡೇನ್ರಿ?" ಅಂತ ಕೇಳುವವರಿದ್ದಾರೆ. ಬೇಕು, ಬೇಕೇ ಬೇಕು. ಖಾನಾಪುರದ ಮರಾಠಿ ಹುಡುಗಿ ತಾಲೂಕು ಕಚೇರಿಯ ಕಾಗದ ಓದಿಸಿಕೊಳ್ಳಲು ಇನ್ನೊಬ್ಬರನ್ನು ಹುಡುಕುವಂತೆ ಆಗಬಾರದು. 2015ರ ಕನ್ನಡ ಕಲಿಕಾ ಕಾಯ್ದೆಯಲ್ಲಿ ತಪ್ಪೇನಿಲ್ಲ. ಆದರೆ ಸಂವಿಧಾನದ 350ಎ ವಿಧಿಯೂ ಇದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಕೊಡಿ ಅನ್ನುತ್ತದೆ ಅದು. ಒಂದನ್ನು ಕಲಿಸಲು ಇನ್ನೊಂದನ್ನು ಮರೆಸಬೇಕಾಗಿಲ್ಲ. ಹಾಗೆಯೇ ಕನ್ನಡದ ಮನೆಯ ಮಗು ಓಣಿಯಲ್ಲಿ ನಾಲ್ಕು ಮಾತು ಮರಾಠಿ ಕಲಿತರೆ ಕರ್ನಾಟಕ ಸಣ್ಣದಾಗೂದಿಲ್ಲ.

ಹೋರಾಟಗಾರರಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ನಮ್ಮ ಓರಗೆಯ ಕೆಲವು ತಾಯಂದಿರ ಮೇಲೆ. ಈ ಉಸಾಬರಿನೇ ಬ್ಯಾಡ ಅಂತ ಮಕ್ಕಳ ಜೊತೆ ಬರೀ ಇಂಗ್ಲಿಷ್ ಮಾತಾಡ್ತಾರೆ. ಜಗಳ ತಪ್ಪಿತು, ಖರೆ. ಆದರೆ ಖಾನಾಪುರದ ಆಜಿಗೂ ಮೊಮ್ಮಗನ ಮಾತು ತಿಳಿಯೂದಿಲ್ಲ, ಬೆಳಗಾವಿಯ ಅಜ್ಜಿಗೂ ತಿಳಿಯೂದಿಲ್ಲ. ಇಂಗ್ಲಿಷ್ ಶಾಲೆ ಕಲಿಸುತ್ತದೆ. ಉಳಿದೆರಡನ್ನು ಮನೆಯೊಳಗೆ ನಾವೇ ಕಲಿಸಬೇಕು.

ಮಗುವಿನ ತಾಯ್ನುಡಿ ಯಾವುದು ಅಂತ ಹೇಳಬೇಕಾದವರು ತಂದೆ ತಾಯಿ, ಸರ್ಕಾರ ಅಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಆ ಹಕ್ಕನ್ನು ಬಳಸ್ರಿ. ಶಾಲೆಯ ಅರ್ಜಿಯಲ್ಲಿ ತಾಯ್ನುಡಿ ಅಂತ ಇದ್ದಲ್ಲಿ ಎರಡನ್ನೂ ಬರೀರಿ. ಜಾಗ ಸಾಲೂದಿಲ್ಲ ಅಂದರೆ ಸಣ್ಣ ಅಕ್ಷರದಾಗ ಬರೀರಿ.