ದಾರಿಯಿಂದ ಮರಳಿದ ವೈದ್ಯ

ಪರೀಕ್ಷಿತ ರಾಜನ ಕಥೆಯಲ್ಲಿ ಕಾಶ್ಯಪನೆಂಬ ವಿಷವೈದ್ಯನೊಬ್ಬ ಬರುತ್ತಾನೆ. ತಕ್ಷಕನ ವಿಷದಿಂದ ಬೂದಿಯಾದ ಆಲದ ಮರವನ್ನು ಮತ್ತೆ ಚಿಗುರಿಸಿದವನು ಆತ. ರಾಜನನ್ನು ಉಳಿಸಲೆಂದು ಹೊರಟು, ತಕ್ಷಕನಿತ್ತ ಧನವನ್ನು ಪಡೆದು ನಡುದಾರಿಯಿಂದಲೇ ಮರಳಿದ. ವಿದ್ಯೆಯೂ ಇತ್ತು, ವೈದ್ಯನೂ ಇದ್ದ. ಅರಸ ಮಾತ್ರ ಉಳಿಯಲಿಲ್ಲ.

ಕಳೆದ ಮಳೆಗಾಲದಲ್ಲಿ ಈ ಪಾಠ ಮುಗಿದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ಆ ವೈದ್ಯ ಮರಳಿದ್ದು ಸರಿಯೇ?" ಎಂದು ಕೇಳಿದ. ಹಾವು ಕಚ್ಚಿದ ಅವನ ತಂದೆ ಎರಡು ಆಸ್ಪತ್ರೆಗಳ ನಡುವಣ ದಾರಿಯಲ್ಲಿ ತೀರಿಕೊಂಡಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

2000ದಿಂದ 2019ರವರೆಗೆ ಭಾರತದಲ್ಲಿ ಹೀಗೆ ಸತ್ತವರು ಸುಮಾರು 12 ಲಕ್ಷ ಮಂದಿಯೆಂದು ಅಂದಾಜು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ—ಈ ನಾಲ್ಕರ ವಿಷಕ್ಕೂ ಸಲ್ಲುವ ಒಂದೇ ಮದ್ದು ನಮ್ಮ ದೇಶದಲ್ಲೇ ತಯಾರಾಗುತ್ತದೆ. ಆದರೂ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ರೋಗಿಗೆ ದೊರೆಯುವುದು ಮದ್ದಲ್ಲ, 'ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ' ಎಂಬ ಚೀಟಿ. ಇಂದಿನ ಕಾಶ್ಯಪನನ್ನು ಹಿಂದಿರುಗಿಸುವುದು ಧನವಲ್ಲ, ಭಯ. ಕುದುರೆಯ ರಕ್ತದ ಸಾರದಿಂದ ಮಾಡಿದ ಈ ಮದ್ದು ಕೆಲವರಿಗೆ ಒಗ್ಗದೆ, ಮೈ ದದ್ದೆದ್ದು, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವುದುಂಟು. ತನ್ನ ಕೈಯಲ್ಲೇ ಪ್ರಾಣ ಹೋದೀತೆಂದು ತರುಣ ವೈದ್ಯ ಅಂಜಿದರೆ ಆಶ್ಚರ್ಯವೇನು?

ಆ ಭಯಕ್ಕೆ ಮದ್ದು ತರಬೇತಿ. ಹಾವನ್ನು ಕಂಡಿರಬೇಕೆಂದಿಲ್ಲ, ರೋಗಿಯನ್ನು ಸರಿಯಾಗಿ ನೋಡಬೇಕು. ರೆಪ್ಪೆ ಜೋಲುತ್ತಿದೆಯೇ? ನುಂಗುವುದು, ಉಸಿರಾಡುವುದು ಕಷ್ಟವೇ? ನೆಲದ ಮೇಲೆ ಮಲಗಿದ್ದವನು ಬೆಳಗಿನ ಜಾವ ಹೊಟ್ಟೆನೋವೆಂದು ಬಂದರೆ ಕಟ್ಟುಹಾವನ್ನು ನೆನೆಯಬೇಕು. ಅದರ ಕಡಿತದ ಗುರುತು ಕಾಣದೆಯೂ ಇರಬಹುದು. 2 ಮಿಲಿಲೀಟರ್ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷವನ್ನು ಶಂಕಿಸಬೇಕು. ಸಾಬೂನಿನಿಂದ ತೊಳೆದ ನಳಿಗೆಯನ್ನು ಮಾತ್ರ ನಂಬಬಾರದು. ಅಡ್ರಿನಲಿನ್ ಚುಚ್ಚುಮದ್ದು ಕೈಗೆಟಕುವಂತಿರಬೇಕು. ವಿಷದ ಮದ್ದು ಒಗ್ಗದಿದ್ದರೆ ಅದನ್ನು ನಿಲ್ಲಿಸಿ, ಇದನ್ನು ಕೊಟ್ಟು, ರೋಗಿ ಚೇತರಿಸಿದ ಮೇಲೆ ಮುಂದುವರಿಸಬೇಕು. ಮಗುವಿಗೂ ದೊಡ್ಡವರಷ್ಟೇ ಮದ್ದು. ಮಗುವೆಂದು ಹಾವು ವಿಷವನ್ನು ಕಡಿಮೆ ಮಾಡುವುದಿಲ್ಲವಷ್ಟೆ!

ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ವಿಧಿಸಿತು. 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ಯೋಜನೆಯನ್ನು ಕೇಂದ್ರವೂ ಅದೇ ವರ್ಷ ಪ್ರಕಟಿಸಿತು. ಒಳ್ಳೆಯದು. ಆದರೆ ರಾತ್ರಿ ಎರಡು ಗಂಟೆಗೆ ಹಳ್ಳಿಯ ಆಸ್ಪತ್ರೆಯ ಬಾಗಿಲು ತೆರೆಯುವ ದಾದಿಗೂ ವೈದ್ಯನಿಗೂ ಈ ವಿದ್ಯೆ ಕರತಲಾಮಲಕವಾಗದೆ ಆ ಲೆಕ್ಕ ಇಳಿಯದು.

ಅಂದು ಆ ಹುಡುಗನಿಗೆ ನಾನು ಉತ್ತರ ಕೊಡಲಿಲ್ಲ. ಮರಳಿದ್ದು ಸರಿಯಲ್ಲವಪ್ಪ ಎನ್ನಬೇಕಾಗಿತ್ತು.