ಮುರಿದ ಸೈಕಲ್ಲಿನ ವೀರಗಾಥೆಗಳು ಸಾಕು

ಮೌಂಟನ್ ಬೈಕ್ ತುಳಿಯುವವರು ಬರೆಯುವ ರೈಡ್ ಕಥನಗಳನ್ನು ನೀವೂ ಓದಿರುತ್ತೀರಿ. ನಸುಕಿನಲ್ಲಿ ಹೊರಟದ್ದು, ಘಾಟಿನ ಮಂಜು, ಟಪರಿಯ ಚಹಾ. ಮೂರನೇ ಪ್ಯಾರಾದಲ್ಲಿ ಟೈರ್ ಹರಿಯುತ್ತದೆ. ಐದನೆಯದರಲ್ಲಿ ಚೈನ್ ತುಂಡಾಗುತ್ತದೆ. ಆಮೇಲೆ ಕತ್ತಲು, ಹಸಿವು, ನಿರ್ಜನ ರಸ್ತೆ. ಹೇಗೋ ಮನೆ ಮುಟ್ಟುತ್ತಾನೆ; ದೇಹ ಸೋತರೂ ಮನಸ್ಸು ಸೋಲಲಿಲ್ಲ ಎಂದು ಬರೆಯುತ್ತಾನೆ. ಕೆಳಗೆ ನೂರು ಜನ ಕೈ ಮುಗಿಯುತ್ತಾರೆ.

ಅಂಥದೊಂದನ್ನು ನಾನೂ 2018ರಲ್ಲಿ ಬರೆದೆ. ‘ಮುರಿದ ಗೇರು, ಮುರಿಯದ ಛಲ’ ಎಂದು ಹೆಸರಿಟ್ಟಿದ್ದೆ (ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ). ಪುಣೆಯಲ್ಲಿರುವ ನಮ್ಮ ಕನ್ನಡ ಸೈಕಲ್ ಗೆಳೆಯರು ಅದನ್ನು ಮೆಚ್ಚಿ ಎಲ್ಲೆಲ್ಲಿಗೋ ಕಳಿಸಿದರು. ನನ್ನ ಆಫೀಸಿನಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಟೌನ್‌ಹಾಲ್ ಸಭೆಯಲ್ಲಿ ‘ರೆಸಿಲಿಯನ್ಸ್’ಗೆ ಉದಾಹರಣೆ ಎಂದು ಓದಿಸಿದರು. ಚಪ್ಪಾಳೆ ಬಿತ್ತು. ಆ ಬರಹದಲ್ಲಿದ್ದ ಯಾವ ಸಂಗತಿಯೂ ಸುಳ್ಳಲ್ಲ. ಆದರೂ ಅದು ಶುದ್ಧ ಸುಳ್ಳು. ಹೇಗೆ ಎಂಬುದನ್ನು ಹೇಳಬೇಕು.

ನಾವಿಬ್ಬರು ಹೊರಟಿದ್ದೆವು. ಇನ್ನೊಬ್ಬರು ಮೈಸೂರು ಕಡೆಯವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಕಾಲೇಜಿನಲ್ಲಿ ಪಾಠ ಹೇಳುವವರು. ಗುಂಪಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. ಕಾತ್ರಜ್‌ನಿಂದ ಭೋರ್, ವರಂಧಾ ಘಾಟ್ ಇಳಿದು ಮಹಾಡ್, ಪೋಲಾದಪುರ, ಅಲ್ಲಿಂದ ಅಂಬೇನಳಿ ಘಾಟ್ ಹತ್ತಿ ಮಹಾಬಳೇಶ್ವರ, ಪಂಚಗಣಿ, ಪಸರಣಿ ಘಾಟ್ ಇಳಿದು ವಾಯಿ, ಮತ್ತೆ ಪುಣೆ. ಸುಮಾರು 300 ಕಿಲೋಮೀಟರು. ಮಳೆಗಾಲ ಮುಗಿದ ಮೇಲೆ ವರಂಧಾದ ರಸ್ತೆ ಕಿತ್ತುಹೋಗಿರುತ್ತದೆ, ಅದಕ್ಕೇ ಮೌಂಟನ್ ಬೈಕ್. 24 ಗಂಟೆಯೊಳಗೆ ಮುಗಿಸಬೇಕೆಂಬ ಗಡುವು ನಾವೇ ಹಾಕಿಕೊಂಡದ್ದು. ಮೆಡಲಿಲ್ಲ, ಸರ್ಟಿಫಿಕೇಟಿಲ್ಲ, ನೋಡುವವರೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಪೆಟ್ಟು ವರಂಧಾದ ಇಳಿಜಾರಿನಲ್ಲಿ. ಚೂಪುಗಲ್ಲು ತಾಗಿ ಹಿಂದಿನ ಟೈರಿನ ಪಕ್ಕ ಸೀಳಿತು. ಟ್ಯೂಬ್‌ಲೆಸ್ ಟೈರಿನೊಳಗೆ ಹಾಲಿನಂಥ ಸೀಲಂಟ್ ಹಾಕಿರುತ್ತಾರೆ; ಸಣ್ಣ ತೂತಾದರೆ ತಾನೇ ಹೆಪ್ಪುಗಟ್ಟಿ ಮುಚ್ಚುತ್ತದೆ. ಅದು ಕೆಲವು ತಿಂಗಳಲ್ಲಿ ಒಣಗುತ್ತದೆ, ಮತ್ತೆ ಸುರಿಯಬೇಕು. ನಾನು ಸುರಿದು ವರ್ಷದ ಮೇಲಾಗಿತ್ತು. ಟೈರು ಬಿಚ್ಚಿದರೆ ಒಳಗೆ ರಬ್ಬರಿನ ಹೊಪ್ಪಳೆ. ಇಷ್ಟು ದೊಡ್ಡ ಸೀಳನ್ನು ಹೊಸ ಸೀಲಂಟೂ ಮುಚ್ಚುತ್ತಿರಲಿಲ್ಲ ಎಂದು ಅವತ್ತು ಸಮಾಧಾನ ಹೇಳಿಕೊಂಡೆ, ಇರಲಿ. ಬಿಸ್ಕೆಟ್ ಪೊಟ್ಟಣದ ಹಾಳೆ ಮಡಚಿ ಸೀಳಿಗೆ ಒಳಗಿನಿಂದ ಒತ್ತುಕೊಟ್ಟು, ಟ್ಯೂಬ್ ಹಾಕಿ, ಮುಕ್ಕಾಲು ಗಂಟೆಯಲ್ಲಿ ಎದ್ದೆವು. ಟ್ಯೂಬು ಮೇಷ್ಟ್ರದು. ನನ್ನ ಬ್ಯಾಗಿನಲ್ಲಿದ್ದದ್ದು ಹಳೆಯದು, ವಾಲ್ವಿನ ಬುಡದಲ್ಲಿ ಬಿರಿದಿತ್ತು. ನನ್ನ ಕಥನದಲ್ಲಿ ‘ಟ್ಯೂಬ್ ಹಾಕಿದೆವು’ ಎಂದು ಬರೆದಿದ್ದೆ. ಆ ‘ಎವು’ ಪ್ರತ್ಯಯದೊಳಗೆ ಎಷ್ಟೆಲ್ಲ ಅಡಗಿಸಬಹುದು ನೋಡಿ.

ಎರಡನೆಯದು ಅಂಬೇನಳಿ ಏರಿನಲ್ಲಿ, ಪ್ರತಾಪಗಡದ ಕವಲಿನ ಹತ್ತಿರ, ಸಂಜೆ ಐದೂವರೆಗೆ. ಗೇರು ಬದಲಿಸುವ ಡಿರೇಲರ್ ಇದೆಯಲ್ಲ, ಅದು ಫ್ರೇಮಿಗೆ ನೇರ ಕೂತಿರುವುದಿಲ್ಲ. ಮಧ್ಯೆ ಹ್ಯಾಂಗರ್ ಎಂಬ ಬೆರಳುದ್ದದ ಅಲ್ಯೂಮಿನಿಯಂ ತುಂಡಿರುತ್ತದೆ. ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಪೆಟ್ಟು ಬಿದ್ದರೆ ಅದು ಮುರಿದು ಫ್ರೇಮನ್ನು ಉಳಿಸಲಿ ಎಂದು. ಆಗಸ್ಟಿನಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸೈಕಲ್ ಬಲಮಗ್ಗುಲಿಗೆ ಬಿದ್ದು ನನ್ನ ಹ್ಯಾಂಗರ್ ಬಾಗಿತ್ತು. ನನಗೆ ಗೊತ್ತಿತ್ತು. ಎಲ್ಲಕ್ಕಿಂತ ಹಗುರದ ಗೇರಿನಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಹ್ಯಾಂಗರ್ ನೆಟ್ಟಗೆ ಮಾಡಿಸುವ ಬದಲು ಕೇಬಲ್ಲಿನ ತಿರುಪು ತಿರುಗಿಸಿ ಸಪ್ಪಳ ಅಡಗಿಸಿದ್ದೆ. ಮೂರು ತಿಂಗಳು ಹಾಗೇ ಓಡಿಸಿದೆ. ಕಡಿದಾದ ತಿರುವಿನಲ್ಲಿ ಅದೇ ಗೇರಿಗೆ ಇಳಿಸಿದ ಕೂಡಲೇ ಡಿರೇಲರ್ ಹೋಗಿ ಹಿಂದಿನ ಗಾಲಿಯ ಕಡ್ಡಿಗಳಿಗೆ ಸಿಕ್ಕಿಕೊಂಡು, ಹ್ಯಾಂಗರ್ ಲಟ್ಟೆಂದು ಮುರಿಯಿತು. ಚೈನು ತಿರುಚಿ ಒಂದು ಕೊಂಡಿ ಹಾಳಾಯಿತು.

ಹ್ಯಾಂಗರ್ ಒಂದೊಂದು ಸೈಕಲ್ಲಿಗೂ ಒಂದೊಂದು ಆಕಾರ, ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಎಲ್ಲಕ್ಕೂ ಒಂದೇ ಇರಲಿ ಎಂದು ಸ್ರಾಮ್ ಕಂಪನಿ ಒಂದನ್ನು ಹೊರತಂದದ್ದು 2019ರಲ್ಲಿ. ಹಾಗಾಗಿ ಉಳಿದ ದಾರಿ ಒಂದೇ: ಡಿರೇಲರ್ ಬಿಚ್ಚಿ, ಚೈನು ಕತ್ತರಿಸಿ ಗಿಡ್ಡ ಮಾಡಿ, ಮಧ್ಯದ ಒಂದು ಹಲ್ಲುಚಕ್ರಕ್ಕೆ ಕೂರಿಸಿ, ಗೇರಿಲ್ಲದ ಸೈಕಲ್ ಮಾಡಿಕೊಳ್ಳುವುದು. ಚೈನು ಕತ್ತರಿಸುವ ಟೂಲ್ ನನ್ನ ಹತ್ತಿರ ಇತ್ತು. ಕತ್ತರಿಸಿದ್ದನ್ನು ಮತ್ತೆ ಜೋಡಿಸುವ ಕ್ವಿಕ್ ಲಿಂಕ್ ಇರಲಿಲ್ಲ. ಈಗಿನ ಚೈನುಗಳ ಪಿನ್ನು ಹಿಂದಿನ ಕಾಲದಂತೆ ತೆಗೆದು ಮತ್ತೆ ಬಡಿದರೆ ನಿಲ್ಲುವಂಥದ್ದಲ್ಲ. ನಿಂತಂತೆ ಕಾಣುತ್ತದೆ, ಏರು ಬಂದರೆ ಬಿಚ್ಚಿಕೊಳ್ಳುತ್ತದೆ. ಕ್ವಿಕ್ ಲಿಂಕ್ ಉಗುರಿನಷ್ಟು ದೊಡ್ಡದು, ತೂಕವೇ ಇಲ್ಲ, ಬೆಲೆ ನಾನು ಆವತ್ತು ಮಹಾಡಿನಲ್ಲಿ ಉಂಡ ಊಟದಷ್ಟು.

ಮೇಷ್ಟ್ರು ತಮ್ಮ ಸೀಟಿನ ಕೆಳಗಿನ ಚೀಲದಿಂದ ಅವರ ಲಿಂಕ್ ತೆಗೆದುಕೊಟ್ಟರು.

“ನಿಮಗೆ ಬೇಕಾದರೆ, ಮೇಷ್ಟ್ರೇ?” ಎಂದೆ.

“ನನ್ನ ಚೈನು ಹೋದ ತಿಂಗಳು ಹಾಕ್ಸಿದ್ದು. ತಗೊಳ್ಳಿ, ಕತ್ತಲಾಗ್ತಿದೆ.”

ಮಹಾಬಳೇಶ್ವರಕ್ಕೆ ರಾತ್ರಿ ಒಂಬತ್ತು. ಒಂದೇ ಗೇರಿನಲ್ಲಿ ಅರ್ಧ ಘಾಟು ತುಳಿದೆ, ಅರ್ಧ ತಳ್ಳಿದೆ. ನನ್ನ ಫ್ರೇಮಿನಲ್ಲಿ ಹಿಂದಿನ ಗಾಲಿಯನ್ನು ಹಿಂದೆ ಮುಂದೆ ಸರಿಸಿ ಚೈನು ಬಿಗಿ ಮಾಡಲು ಬರುವುದಿಲ್ಲ. ಸಡಿಲವಾದಾಗಲೆಲ್ಲ ಚೈನು ಪಕ್ಕದ ಚಕ್ರಕ್ಕೆ ಹತ್ತುತ್ತಿತ್ತು, ಇಳಿದು ಕೂರಿಸುತ್ತಿದ್ದೆ. ಕೈಯೆಲ್ಲ ಕರಿ. ಆ ಕೈಯ ಫೋಟೋ ನನ್ನ ಕಥನದ ಮುಖಪುಟವಾಯಿತು.

ವಾಯಿ ದಾಟುವ ಮುಂಚೆ ಸಣ್ಣದೊಂದು ಏರಿನಲ್ಲಿ ಮೇಷ್ಟ್ರ ಚೈನು ತುಂಡಾಯಿತು. ಹೊಸ ಚೈನೂ ಒಮ್ಮೊಮ್ಮೆ ತುಂಡಾಗುತ್ತದೆ. ಅಂಥ ಹೊತ್ತಿಗೆಂದೇ ಅವರು ಲಿಂಕ್ ಇಟ್ಟುಕೊಂಡಿದ್ದರು, ಅದೀಗ ನನ್ನ ಚೈನಿನಲ್ಲಿತ್ತು. ಪಿನ್ನು ಒತ್ತಿ ನೋಡಿದೆವು. ಒಂದು ಕಿಲೋಮೀಟರು ಹೋಗಲಿಲ್ಲ. ಗಂಟೆ ಹನ್ನೊಂದು. ಪುಣೆಗೆ ಇನ್ನೂ ಸುಮಾರು 90 ಕಿಲೋಮೀಟರು. ನಮ್ಮ ಗಡುವಿಗೆ ಐದು ಗಂಟೆ.

“ನೀವು ಹೊರಡಿ. ನಾನು ಬೆಳಗಿನ ಎಸ್‌ಟಿ ಬಸ್ಸಿಗೆ ಬರ್ತೀನಿ” ಎಂದರು.

ಹೊರಟೆ. ಇಷ್ಟೇ ವಿಷಯ. ಐವತ್ತು ದಾಟಿದ ಮನುಷ್ಯನನ್ನು ನವೆಂಬರಿನ ಚಳಿಯಲ್ಲಿ, ಬೆವರಿನಲ್ಲಿ ನೆನೆದ ಬಟ್ಟೆಯಲ್ಲಿ, ವಾಯಿ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು, ಅವರ ಟ್ಯೂಬಿನ ಮೇಲೆ, ಅವರ ಲಿಂಕಿನ ಮೇಲೆ ಹೊರಟೆ. ಯಾರೂ ಕೊಡದ ಮೆಡಲಿಗಾಗಿ. ರಾತ್ರಿ ಎರಡಕ್ಕೆ ಅವರ ಮನೆಯವರು ನನಗೆ ಫೋನ್ ಮಾಡಿದ್ದರು, ನಾಲ್ಕು ಸಲ. ಮೇಷ್ಟ್ರ ಫೋನು ಸತ್ತಿತ್ತು. ನನ್ನದು ಸದ್ದಡಗಿಸಿ ಬ್ಯಾಗಿನಲ್ಲಿತ್ತು. 23 ಗಂಟೆ 40 ನಿಮಿಷಕ್ಕೆ ಮುಗಿಸಿ, ಮನೆಗೆ ಬಂದು ಮೊದಲು ಮಾಡಿದ ಕೆಲಸ ರೈಡ್ ಅಪ್‌ಲೋಡ್ ಮಾಡಿದ್ದು. ಮಿಸ್ಡ್ ಕಾಲ್ ನೋಡಿದ್ದು ಅದಾದ ಮೇಲೆ. ಕಥನದಲ್ಲಿ ಮೇಷ್ಟ್ರಿಗೆ ಒಂದು ವಾಕ್ಯ ಕೊಟ್ಟಿದ್ದೆ: “ವಾಯಿಯಲ್ಲಿ ಮೇಷ್ಟ್ರು ತಾಂತ್ರಿಕ ಕಾರಣದಿಂದ ನಿವೃತ್ತರಾದರು.”

ಈಗ ನನ್ನ ತಕರಾರಿಗೆ ಬರುತ್ತೇನೆ. ‘ಎಂಡ್ಯೂರೆನ್ಸ್’ ಎಂದು ನಾವು ಹಾಡಿ ಹೊಗಳುವುದರಲ್ಲಿ ದೊಡ್ಡ ಪಾಲು ಅಸಡ್ಡೆಯವನು ಕಾಳಜಿಯವನಿಂದ ಪಡೆದ ಸಾಲ. ಪ್ರಾಜೆಕ್ಟ್ ಮ್ಯಾನೇಜರಾಗಿ ನನಗೆ ‘ಬಫರ್’ ಎಂಬ ಮಾತು ಚೆನ್ನಾಗಿ ಗೊತ್ತು. ಪ್ಲಾನಿನಲ್ಲಿ ಬಿಟ್ಟುಕೊಳ್ಳುವ ಜಾಗ. ಆ ಭಾನುವಾರ ನಾನು ಗೆದ್ದದ್ದು ಮೇಷ್ಟ್ರ ಬಫರನ್ನು ತಿಂದು. ಅವರ ತಪ್ಪೇನು? ಚೈನು ಸಮಯಕ್ಕೆ ಬದಲಿಸಿದ್ದು, ಚೀಲ ತುಂಬಿಟ್ಟುಕೊಂಡದ್ದು, ಕೇಳಿದಾಗ ಇಲ್ಲ ಎನ್ನದೆ ಕೊಟ್ಟದ್ದು. ಇಂಥವರ ಬಗ್ಗೆ ಯಾರೂ ಕಥನ ಬರೆಯುವುದಿಲ್ಲ, ಏಕೆಂದರೆ ಅವರ ಸೈಕಲ್ಲಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಆಫೀಸಿನಲ್ಲೂ ಇದೇ. ನಮ್ಮ ಒಂದು ಸಿಸ್ಟಮ್ಮಿನ ಸರ್ಟಿಫಿಕೇಟ್ ಅವಧಿ ಮುಗಿಯುತ್ತದೆ ಎಂದು ಮೊದಲೇ ಮೇಲ್ ಮೇಲೆ ಮೇಲ್ ಬಂದಿತ್ತು. ಯಾರೂ ನೋಡಲಿಲ್ಲ. ಶನಿವಾರ ರಾತ್ರಿ ಎಲ್ಲ ನಿಂತಿತು. ಹನ್ನೊಂದು ಜನ ಪಿಜ್ಜಾ ತಿಂದುಕೊಂಡು ಹದಿನಾಲ್ಕು ಗಂಟೆ ಹೋರಾಡಿದರು. ಅವರಿಗೆ ಪ್ರಶಸ್ತಿ ಕೊಟ್ಟೆವು. ತನ್ನ ಪಾಲಿನ ಸರ್ಟಿಫಿಕೇಟುಗಳನ್ನೆಲ್ಲ ಒಂದೂ ತಪ್ಪದೆ ಮುಂಚಿತವಾಗಿ ನವೀಕರಿಸಿದ ಹುಡುಗಿಗೆ ಆ ವರ್ಷ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್’. ಸಹಿ ನನ್ನದೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನನಗೇ ಅನೇಕರು ಹೇಳಿದ್ದಾರೆ: ಎಷ್ಟೇ ನೋಡಿಕೊಂಡರೂ ಯಂತ್ರ ಯಂತ್ರವೇ, ಮುರಿಯುವುದು ಮುರಿಯುತ್ತದೆ, ಆಗ ಬೇಕಾದದ್ದು ಛಲವಲ್ಲವೇ? ಇದಕ್ಕೆ ಎಲ್ಲರೂ ಎತ್ತಿಹಿಡಿಯುವ ಉದಾಹರಣೆ 1913ರ ಟೂರ್ ಡಿ ಫ್ರಾನ್ಸ್. ಪಿರನೀಸ್ ಪರ್ವತದ ತುರ್ಮಾಲೆ ಕಣಿವೆಯಲ್ಲಿ ಯೂಜೆನ್ ಕ್ರಿಸ್ತೋಫ್‌ನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಹೊರಗಿನವರ ಸಹಾಯ ಪಡೆಯುವಂತಿಲ್ಲ ಎಂಬ ನಿಯಮ. ಸೈಕಲ್ ಹೊತ್ತು ಕಿಲೋಮೀಟರುಗಟ್ಟಲೆ ನಡೆದು, ಸೇಂಟ್ ಮೇರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆ ಸೇರಿ, ಅಧಿಕಾರಿಗಳ ಕಣ್ಣೆದುರಿಗೇ ತಾನೇ ಬೆಸೆದ. ತಿದಿ ಒತ್ತಿದ ಹುಡುಗನೊಬ್ಬನ ಸಹಾಯ ಪಡೆದದ್ದಕ್ಕೆ ಅವನಿಗೆ ದಂಡವೂ ಬಿತ್ತು. ಗಂಟೆಗಟ್ಟಲೆ ಕಳೆದುಕೊಂಡರೂ ಕೊನೆಗೆ ಏಳನೆಯವನಾಗಿ ಮುಗಿಸಿದ.

ಈ ಕಥೆಯನ್ನು ನಾವು ನೋವಿನ ಕಥೆಯಾಗಿ ಹೇಳುತ್ತೇವೆ. ನನಗೆ ಈಗ ಬೇರೆಯೇ ಕಾಣುತ್ತದೆ. ಅವನಿಗೆ ಕಬ್ಬಿಣ ಬೆಸೆಯಲು ಬರುತ್ತಿತ್ತು. ನಡೆಯುವ ಛಲ ಇದ್ದು ಬೆಸೆಯುವ ಕೈ ಇಲ್ಲದಿದ್ದರೆ ಕುಲುಮೆಯ ಬಾಗಿಲಲ್ಲಿ ನಿಂತು ಏನು ಮಾಡುತ್ತಿದ್ದ? ಮತ್ತೊಂದು: ತಿದಿ ಒತ್ತಿದ ಹುಡುಗನ ಪಾಲೂ ಅಲ್ಲಿ ಲೆಕ್ಕಕ್ಕೆ ಬಂತು. ಆ ನಿಯಮ ಕ್ರೂರ ಎಂದು ಬೈಯಬಹುದು, ನಾನೂ ಬೈದಿದ್ದೇನೆ. ಆದರೆ ಅದೇ ಲೆಕ್ಕದಲ್ಲಿ ನನ್ನನ್ನು ಅಳೆದರೆ ಒಂದು ಟ್ಯೂಬು, ಒಂದು ಲಿಂಕು, ಆರು ಗಂಟೆ ಬಸ್‌ಸ್ಟ್ಯಾಂಡು, ಒಬ್ಬ ಹೆಣ್ಣುಮಗಳ ನಿದ್ದೆಗೆಟ್ಟ ರಾತ್ರಿ. ಎಷ್ಟು ನಿಮಿಷ ದಂಡ ಹಾಕುತ್ತೀರಿ?

ಧಾರವಾಡದಲ್ಲಿ ನಮ್ಮ ಓಣಿಯ ಮೂಲೆಗೆ ಸೈಕಲ್ ಅಂಗಡಿಯ ಸಾಬರಿದ್ದರು. ತಾಸಿಗೆ ಇಷ್ಟು ಎಂದು ಬಾಡಿಗೆಗೆ ಕೊಡುತ್ತಿದ್ದರು. ಕೊಡುವ ಮುಂಚೆ ಗಾಲಿ ಎತ್ತಿ ತಿರುವಿ, ಕಿವಿ ಕೊಟ್ಟು ಕೇಳುತ್ತಿದ್ದರು. ನನ್ನಪ್ಪನ ಅಟ್ಲಾಸ್ ಸೈಕಲ್ಲಿನ ಚೈನು ಹರಿದು ನಾನು ನೂಕಿಕೊಂಡು ಹೋದ ದಿನ ಅವರು ರೇಗಿದ್ದು ನೆನಪಿದೆ: “ಲೇ ತಮ್ಮಾ, ಹರದ ಮ್ಯಾಲೆ ಬಂದ್ರ ಏನ್ ಮಾಡ್ಲಿ? ಸಪ್ಪಳಾ ಬಂದಾಗ ಬರಬೇಕಲಾ!” ಎಂಟೆಕ್ ಮಾಡಿದವನು ಮೂರು ತಿಂಗಳು ಟಿಕ್ ಟಿಕ್ ಕೇಳಿಸಿಕೊಂಡು ತಿರುಪು ತಿರುಗಿಸುತ್ತ ಕೂತಿದ್ದೆ.

ಉಪಕರಣ ದುಬಾರಿ, ಒಳ್ಳೆಯ ಮೆಕ್ಯಾನಿಕ್ ಸಿಗುವುದಿಲ್ಲ, ಸಮಯವಿಲ್ಲ ಎನ್ನುವವರಿಗೆ ಒಂದು ಮಾತು. ಚೈನು ಸವೆದಿದೆಯೇ ನೋಡಲು ನಿಮ್ಮ ಮಗುವಿನ ಹನ್ನೆರಡು ಇಂಚಿನ ಅಡಿಪಟ್ಟಿ ಸಾಕು. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿಯಿರಿ. ಚೈನು ಹೊಸದಾಗಿದ್ದರೆ ಹನ್ನೆರಡು ಇಂಚಿನ ಗೆರೆಗೆ ಇನ್ನೊಂದು ಪಿನ್ನಿನ ನಡು ಸರಿಯಾಗಿ ಕೂರುತ್ತದೆ. ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಅರ್ಧ ಪರ್ಸೆಂಟ್ ಹಿಗ್ಗಿದೆ, ಬದಲಿಸಿ. ಒಂದು ನಿಮಿಷದ ಕೆಲಸ. ಹೆಲ್ಮೆಟ್ಟಿನ ಬಣ್ಣಕ್ಕೆ ಹೊಂದುವ ಸಾಕ್ಸ್ ಹುಡುಕಲು ನಾವು ಇದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತೇವೆ.

ಕಥನ ಬರೆಯಬೇಡಿ ಎನ್ನುತ್ತಿಲ್ಲ. ಬರೆಯಿರಿ, ಆದರೆ ಮುರಿದದ್ದರ ಪಕ್ಕದಲ್ಲಿ ಅದು ಯಾವಾಗಿನಿಂದ ಸಪ್ಪಳ ಮಾಡುತ್ತಿತ್ತು ಎಂಬುದನ್ನೂ ಬರೆಯಿರಿ. ಟ್ಯೂಬ್ ಯಾರದು, ಲಿಂಕ್ ಯಾರದು, ರಾತ್ರಿ ಎದ್ದು ಕಾರು ತಂದವರು ಯಾರು, ಅವರ ಭಾನುವಾರ ಏನಾಯಿತು ಎಂದು ಬರೆಯಿರಿ. ಆಮೇಲೂ ಅದು ವೀರಗಾಥೆಯಾಗಿ ಉಳಿದರೆ ನಾನೇ ಮೊದಲು ಕೈ ಮುಗಿಯುತ್ತೇನೆ.

ಮೇಷ್ಟ್ರ ಹತ್ತಿರ ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು. “ಅಯ್ಯೋ ಬಿಡಿ, ಒಂದು ಲಿಂಕಿಗೆ ಇಷ್ಟೊಂದಾ” ಎಂದು ನಕ್ಕರು. ಅವರ ಮನೆಯವರು ಚಹಾ ತಂದಿಟ್ಟು ಒಳಗೆ ಹೋದರು, ನಗಲಿಲ್ಲ.

ಹೋದ ವಾರ ಗುಂಪಿನ ಹೊಸ ಹುಡುಗನೊಬ್ಬ, ಕಲಬುರಗಿಯವನು, ಮನಾಲಿಯಿಂದ ಲೇಹ್‌ಗೆ ಹೋಗುವ ತಯಾರಿಯಲ್ಲಿ ಸೈಕಲ್ ತೋರಿಸಲು ಬಂದ. ಗಾಲಿ ಎತ್ತಿ ತಿರುವಿದೆ. ಹಗುರದ ಗೇರಿನಲ್ಲಿ ಟಿಕ್ ಟಿಕ್.

“ಹ್ಯಾಂಗರ್ ಬಾಗ್ಯದ. ಇನ್ನೊಂದು ಇಟಗೊಂಡಿಯೇನು? ಕ್ವಿಕ್ ಲಿಂಕ್?” ಎಂದೆ.

“ಮೇಷ್ಟ್ರೂ ಬರಾಕತ್ತ್ಯಾರಲ್ರೀ ಸರ್” ಎಂದ. “ಅವರ ಚೀಲದಾಗ ಎಲ್ಲಾ ಇರ್ತಾವು.”