ಕಾಣದವರಿಗಾಗಿ ಕಣ್ಣೀರು ತಪ್ಪೇ?

2021ರ ಅಕ್ಟೋಬರ್ 29ರ ಶುಕ್ರವಾರ, ಜುಮಾ ನಮಾಝ್ ಮುಗಿಸಿ ಜನರು ಮನೆ ಸೇರುವ ಹೊತ್ತಿಗೆ, ನಟ ಪುನೀತ್ ರಾಜ್‌ಕುಮಾರ್ ನಿಧನರಾದರೆಂಬ ವಾರ್ತೆ ನಾಡಿನಾದ್ಯಂತ ಹಬ್ಬಿತು. ಅವರಿಗೆ ಕೇವಲ 46 ವರ್ಷ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಾಂತರ ಜನರು ಅಂತಿಮ ದರ್ಶನಕ್ಕಾಗಿ ಸಾಲುಗಟ್ಟಿದರು. ಅಲ್ಲಿಂದ 600 ಕಿಲೋಮೀಟರಿಗೂ ಹೆಚ್ಚು ದೂರದ ನಮ್ಮ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿಯೂ ಯುವಕರ ಕಣ್ಣುಗಳು ತೇವಗೊಂಡವು. ಅವರಲ್ಲಿ ಮುಸ್ಲಿಮ್ ಯುವಕರೂ ಇದ್ದರು. ಆಗ ನಮ್ಮ ಹಿರಿಯರಲ್ಲಿ ಕೆಲವರು ಅವರನ್ನು ಗದರಿಸಿ ಮೂರು ಪ್ರಶ್ನೆ ಕೇಳಿದರು: "ನೀನು ಅವನನ್ನು ಕಂಡಿದ್ದೆಯಾ? ಅವನು ನಮ್ಮವನೇ? ನಿನ್ನ ಕಣ್ಣೀರಿನಿಂದ ಯಾರಿಗೇನು ಲಾಭ?"

ಪ್ರಸಿದ್ಧರೊಬ್ಬರು ತೀರಿಕೊಂಡಾಗಲೆಲ್ಲ ಈ ಪ್ರಶ್ನೆಗಳು ಮರಳಿ ಬರುತ್ತವೆ. ಕೇಳುವವರು ತಾವು ಧರ್ಮದ ಪರವಾಗಿ ಮಾತನಾಡುತ್ತಿದ್ದೇವೆಂದು ನಂಬಿರುತ್ತಾರೆ. ಆದರೆ ಮೊದಲ ಎರಡು ಪ್ರಶ್ನೆಗಳಿಗೆ ಧರ್ಮದಲ್ಲಿ ಆಧಾರವಿಲ್ಲ. ಮೂರನೆಯದು ಒಳ್ಳೆಯ ಪ್ರಶ್ನೆಯೇ ಹೌದು. ಆದರೆ ಅದಕ್ಕೆ ಕೇಳಿಸಿಕೊಂಡವರಷ್ಟೇ ಕೇಳಿದವರೂ ಉತ್ತರ ಕೊಡಬೇಕಾಗಿದೆ.

ಮೊದಲನೆಯದನ್ನು ನೋಡೋಣ. ಕಾಣದ ಮನುಷ್ಯನ ಮರಣಕ್ಕೆ ದುಃಖಿಸಬಹುದೇ? ಅಬಿಸೀನಿಯಾದ ದೊರೆ ನಜ್ಜಾಶಿಯವರನ್ನು ಪ್ರವಾದಿ ಮುಹಮ್ಮದ್(ಸ) ಎಂದೂ ಕಂಡಿರಲಿಲ್ಲ. ಇಬ್ಬರ ನಡುವೆ ಕೆಂಪು ಸಮುದ್ರವಿತ್ತು. ಸುಮಾರು ಕ್ರಿ.ಶ. 615ರಲ್ಲಿ, ಮಕ್ಕಾದ ಕುರೈಶರ ಹಿಂಸೆಯನ್ನು ತಾಳಲಾರದೆ ಮುಸ್ಲಿಮರ ಒಂದು ಚಿಕ್ಕ ಗುಂಪು ಆ ಸಮುದ್ರವನ್ನು ದಾಟಿ ಅವರ ಆಶ್ರಯ ಬೇಡಿತು. ಕುರೈಶರು ಬೆಲೆಬಾಳುವ ಕಾಣಿಕೆಗಳೊಂದಿಗೆ ದೂತರನ್ನು ಕಳುಹಿಸಿ, ಓಡಿಬಂದವರನ್ನು ತಮಗೆ ಒಪ್ಪಿಸುವಂತೆ ಕೇಳಿದರು. ಜಅಫರ್ ಬಿನ್ ಅಬೀತಾಲಿಬ್(ರ) ಆಸ್ಥಾನದಲ್ಲಿ ಎದ್ದುನಿಂತು ತಮ್ಮವರ ಪಾಡನ್ನು ವಿವರಿಸಿದರು. ದೊರೆ ಕಾಣಿಕೆಗಳನ್ನು ಹಿಂದಿರುಗಿಸಿ, ನಿರಾಶ್ರಿತರನ್ನು ಉಳಿಸಿಕೊಂಡರು. ಅನೇಕ ವರ್ಷಗಳ ನಂತರ ನಜ್ಜಾಶಿ ತಮ್ಮ ನಾಡಿನಲ್ಲಿ ಮರಣ ಹೊಂದಿದರು. ಅದೇ ದಿನ ಪ್ರವಾದಿ(ಸ) ಮದೀನಾದಲ್ಲಿ ಆ ವಾರ್ತೆಯನ್ನು ಜನರಿಗೆ ತಿಳಿಸಿದರು, ಸಂಗಾತಿಗಳನ್ನು ಸಾಲಾಗಿ ನಿಲ್ಲಿಸಿದರು ಮತ್ತು ನಾಲ್ಕು ತಕ್ಬೀರ್‌ಗಳೊಂದಿಗೆ ಜನಾಝ ನಮಾಝ್ ನಿರ್ವಹಿಸಿದರು. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳೆರಡರಲ್ಲೂ ಈ ವರದಿಯಿದೆ.

ನಮ್ಮ ಭಾಗದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಮದ್‌ಹಬ್ ದೂರದಲ್ಲಿರುವ ಮಯ್ಯಿತ್‌ಗಾಗಿ ನಮಾಝ್ ಮಾಡುವುದನ್ನು ಒಪ್ಪುವುದಿಲ್ಲ. ಶಾಫಿಈ ಮದ್‌ಹಬ್ ಒಪ್ಪುತ್ತದೆ. ನಮಾಝಿನ ವಿಧಿಯ ಆ ಚರ್ಚೆ ವಿದ್ವಾಂಸರಿಗಿರಲಿ. ಇಲ್ಲಿ ಗಮನಿಸಬೇಕಾದುದು ಬೇರೆ. ಮದೀನಾದಲ್ಲಿ ಸಾಲಾಗಿ ನಿಂತವರಲ್ಲಿ ಎಷ್ಟೋ ಮಂದಿ ಆ ದೊರೆಯ ಮುಖ ಕಂಡವರಲ್ಲ, ದನಿ ಕೇಳಿದವರಲ್ಲ. ಆದರೂ ಅವರ ಮೇಲೆ ಒಂದು ಋಣವಿತ್ತು. ತಮ್ಮವರಿಗೆ ನೆಲವಿಲ್ಲದ ದಿನಗಳಲ್ಲಿ ಈ ಮನುಷ್ಯ ನೆಲ ಕೊಟ್ಟಿದ್ದರು. ಶೋಕದ ಅಳತೆಗೋಲು ಪರಿಚಯವಲ್ಲ, ಋಣ ಎಂಬುದು ಈ ಘಟನೆಯಿಂದ ಸ್ಪಷ್ಟವಾಗುತ್ತದೆ. ಪರಿಚಯವೇ ಅಳತೆಯಾಗಿದ್ದರೆ ಕರ್ಬಲಾದ ಹೆಸರು ಕೇಳಿ ನಮ್ಮ ಕಣ್ಣು ಏಕೆ ತುಂಬಬೇಕು? ಕ್ರಿ.ಶ. 680ರಲ್ಲಿ ಹುತಾತ್ಮರಾದ ಇಮಾಮ್ ಹುಸೈನ್(ರ)ರನ್ನು ನೆನೆದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಹಿಂದೂ ಮುಸ್ಲಿಮರಿಬ್ಬರೂ ಮೊಹರಮ್ ಪದಗಳನ್ನು ಹಾಡುತ್ತಾರೆ. ಆ ಆಚರಣೆಗಳಲ್ಲಿ ಬೆರೆತಿರುವ ಎಷ್ಟೋ ಸಂಗತಿಗಳನ್ನು ನಾನು ಒಪ್ಪುವುದಿಲ್ಲ. ಆದರೆ ಹದಿಮೂರು ಶತಮಾನಗಳ ಆಚೆಯ ಅನ್ಯಾಯಕ್ಕೆ ಮಿಡಿಯುವ ಹೃದಯಕ್ಕೆ "ನೀನು ಅವರನ್ನು ಕಂಡಿದ್ದೆಯಾ?" ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಎರಡನೆಯ ಪ್ರಶ್ನೆ: ಅವನು ನಮ್ಮವನೇ? ನಜ್ಜಾಶಿ ಇಸ್ಲಾಮನ್ನು ಸ್ವೀಕರಿಸಿದ್ದರು, ಆದ್ದರಿಂದ ಆ ಉದಾಹರಣೆ ಇತರರಿಗೆ ಸಲ್ಲದು ಎಂದು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಹಾಗಾದರೆ ಇನ್ನೊಂದು ಹದೀಸನ್ನು ನೋಡಿ. ಪ್ರವಾದಿ(ಸ)ರ ಮುಂದಿನಿಂದ ಒಂದು ಶವಯಾತ್ರೆ ಸಾಗಿತು, ಅವರು ಎದ್ದುನಿಂತರು. ಅದು ಯಹೂದಿಯೊಬ್ಬನ ಶವವೆಂದು ಸಂಗಾತಿಗಳು ತಿಳಿಸಿದರು. ಅದೂ ಒಂದು ಜೀವವಲ್ಲವೇ ಎಂಬರ್ಥದ ಮರುಪ್ರಶ್ನೆಯೇ ಅವರ ಉತ್ತರವಾಗಿತ್ತು. ಸತ್ತವನ ಹೆಸರನ್ನು ಅವರು ವಿಚಾರಿಸಲಿಲ್ಲ. ಅವನಿಂದ ತಮಗೆ ಉಪಕಾರವಾಗಿತ್ತೇ ಎಂದು ಲೆಕ್ಕ ಹಾಕಲಿಲ್ಲ. ಮರಣದ ಮುಂದೆ ಎದ್ದು ನಿಲ್ಲಲು ಅದು ಮನುಷ್ಯನ ಮರಣವಾಗಿದ್ದರೆ ಸಾಕಾಗಿತ್ತು.

ಇಲ್ಲಿ ಮೇರೆಗಳನ್ನು ಮರೆಸುವ ಉದ್ದೇಶ ನನಗಿಲ್ಲ. ಜನಾಝ ನಮಾಝ್, ಮಗ್ಫಿರತ್‌ನ ಪ್ರಾರ್ಥನೆ ಮುಂತಾದವುಗಳ ಬಗ್ಗೆ ಶರೀಅತ್‌ನ ವಿಧಿಗಳಿವೆ. ಅವು ಹಾಗೆಯೇ ಇರುತ್ತವೆ. ಆದರೆ ದುಃಖಿಸುವುದು, ಸಾಂತ್ವನ ಹೇಳುವುದು, ಸತ್ತವರ ಒಳಿತನ್ನು ನೆನೆಯುವುದು ಆ ಮೇರೆಯ ಒಳಗೇ ಇವೆ. 2020 ಮತ್ತು 2021ರ ಕೊರೋನಾ ದಿನಗಳನ್ನು ನೆನಪಿಸಿಕೊಳ್ಳಿ. ಹೆತ್ತ ಮಕ್ಕಳೇ ಶವವನ್ನು ಮುಟ್ಟಲು ಹೆದರಿದ ಆ ಕಾಲದಲ್ಲಿ ರಾಜ್ಯದ ಹಲವೆಡೆ ಮುಸ್ಲಿಮ್ ಯುವಕರ ತಂಡಗಳು ತಾವು ಎಂದೂ ಕಾಣದ, ತಮ್ಮ ಧರ್ಮದವರಲ್ಲದ ಜನರ ಶವಗಳನ್ನು ಹೊತ್ತು, ಅವರವರ ಸಂಪ್ರದಾಯದಂತೆ ಅಂತ್ಯಸಂಸ್ಕಾರಕ್ಕೆ ನೆರವಾದವು. ಆ ಚಿತ್ರಗಳನ್ನು ನಾವು ಹೆಮ್ಮೆಯಿಂದ ಹಂಚಿಕೊಂಡೆವು. ಆಗ ಯಾರೂ "ನೀನು ಅವನನ್ನು ಕಂಡಿದ್ದೆಯಾ, ಅವನು ನಮ್ಮವನೇ?" ಎಂದು ಕೇಳಲಿಲ್ಲ. ಹೊರುವ ಹೆಗಲಿಗೆ ಅನ್ವಯಿಸದ ನಿಯಮವು ಅಳುವ ಕಣ್ಣಿಗೆ ಮಾತ್ರ ಹೇಗೆ ಅನ್ವಯಿಸುತ್ತದೆ?

ಅದೇ ಕೊರೋನಾ ಕಾಲದಲ್ಲಿ, 2020ರ ಸೆಪ್ಟೆಂಬರ್ 24ರಂದು, ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಸೋಂಕಿಗೆ ಬಲಿಯಾದರು. ಅವರಿಗೆ ಮತ ಹಾಕಿದವರೂ ಹಾಕದವರೂ, ಅವರೊಡನೆ ಒಂದು ಮಾತನ್ನೂ ಆಡದವರೂ ನೊಂದುಕೊಂಡರು. ಅದು ತಪ್ಪಾಗಿತ್ತೇ? ಬಸವಕಲ್ಯಾಣವು ಹನ್ನೆರಡನೆಯ ಶತಮಾನದ ಶರಣರ ಊರು. ಸೂಫಿಗಳ ದರ್ಗಾಗಳೂ ಇರುವ ಊರು. ಇಂತಹ ಊರಿನಲ್ಲಿ ನೆರೆಯವರ ದುಃಖದ ದಿನ ನಮ್ಮ ಮುಖ ಕಲ್ಲಿನಂತಿದ್ದರೆ, ನಮ್ಮ ದುಃಖದ ದಿನ ಅವರ ಮುಖದಲ್ಲಿ ನಾವು ಏನನ್ನು ನಿರೀಕ್ಷಿಸಬೇಕು?

ಹಾಗಾದರೆ ತಾರೆಯರಿಗಾಗಿ ಹೇಗೆ ಬೇಕಾದರೂ ಅಳಬಹುದೇ? ಇಲ್ಲ. ಯುವಕರಿಗೆ ಹೇಳಬೇಕಾದ ಮಾತು ಈಗ ಬರುತ್ತದೆ.

ಕಣ್ಣೀರಿಗೆ ಇಸ್ಲಾಮಿನಲ್ಲಿ ಅನುಮತಿಯಿದೆ, ಕೂಗಾಟಕ್ಕಿಲ್ಲ. ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರ ಕಣ್ಣುಗಳು ಹನಿಗೂಡಿದವು. ಹೃದಯ ನೋಯುತ್ತದೆ, ಆದರೆ ನಾಲಗೆ ಪ್ರಭುವಿಗೆ ಮೆಚ್ಚುಗೆಯಾಗುವುದನ್ನಷ್ಟೇ ನುಡಿಯುತ್ತದೆ ಎಂಬುದು ಆಗ ಅವರು ಕಲಿಸಿದ ಪಾಠ. ಅದೇ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗ ಸತ್ತದ್ದಕ್ಕೆ ಸೂರ್ಯನೇ ಮಂಕಾದನೆಂದು ಜನರು ಆಡಿಕೊಂಡರು. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟಿಗೂ ಸಾವಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ತಿದ್ದಿದರು. ಸ್ವಂತ ಮಗನ ಶೋಕದ ನಡುವೆಯೂ ಅತಿಶಯೋಕ್ತಿಗೆ ಎಡೆಗೊಡದ ಪ್ರವಾದಿಯ ಅನುಯಾಯಿಗಳು ನಾವು. ಕೆನ್ನೆಗೆ ಹೊಡೆದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು ನಮ್ಮವರ ರೀತಿಯಲ್ಲವೆಂದು ಅವರು ಎಚ್ಚರಿಸಿದರು. ಪತಿಯನ್ನು ಕಳೆದುಕೊಂಡ ಪತ್ನಿಗೆ ನಾಲ್ಕು ತಿಂಗಳು ಹತ್ತು ದಿನ. ಉಳಿದವರಿಗಾಗಿ ಶೋಕಾಚರಣೆ ಮೂರು ದಿನಕ್ಕೆ ಮೀರಬಾರದು.

ಈ ಮಿತಿ ಏಕೆ ಬೇಕೆಂಬುದಕ್ಕೆ ನಮ್ಮ ನಾಡಿನಲ್ಲೇ ಉತ್ತರವಿದೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ದುಃಖವು ದೊಂಬಿಯಾಯಿತು. ಬಸ್ಸುಗಳು ಉರಿದವು, ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಪುನೀತ್ ನಿಧನದ ನಂತರ ಕೆಲವು ಅಭಿಮಾನಿಗಳು ತಮ್ಮ ಜೀವವನ್ನೇ ತೆಗೆದುಕೊಂಡ ಸುದ್ದಿಗಳು ಬಂದವು. ಆ ಮನೆಗಳ ತಾಯಂದಿರಿಗೆ ಯಾವ ಕ್ರೀಡಾಂಗಣದಲ್ಲಿ ಯಾರು ಸಾಲುಗಟ್ಟಿದರು? ಜೀವವು ಅಲ್ಲಾಹನು ಒಪ್ಪಿಸಿದ ಅಮಾನತ್ತು. ಅದನ್ನು ಯಾರ ಅಭಿಮಾನಕ್ಕೂ ಬಲಿ ಕೊಡುವ ಹಕ್ಕು ನಮಗಿಲ್ಲ. ನಿಮ್ಮ ಗೆಳೆಯನೊಬ್ಬ ಇಂತಹ ದುಃಖದಲ್ಲಿ ಮೌನವಾಗಿ ಮುಳುಗುತ್ತಿದ್ದರೆ ಅವನನ್ನು ಹಂಗಿಸಬೇಡಿ, ಒಂಟಿಯಾಗಿ ಬಿಡಲೂಬೇಡಿ. ಹಂಗಿಸುವ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪ್ರವಾದಿ(ಸ)ರೇ ನಿಧನರಾದ ದಿನ ಉಮರ್(ರ)ರಂತಹ ಧೀರರೂ ಆ ವಾರ್ತೆಯನ್ನು ನಂಬಲಾರದೆ ಹೋದರು. ಆಗ ಅಬೂಬಕರ್(ರ) ಜನರ ಮುಂದೆ ನಿಂತು, ಮುಹಮ್ಮದರು ಮರಣ ಹೊಂದಿದ್ದಾರೆ, ಆದರೆ ಆರಾಧನೆಗೆ ಅರ್ಹನಾದ ಅಲ್ಲಾಹನಿಗೆ ಮರಣವಿಲ್ಲವೆಂದು ಸಾರಿದರು. ಪ್ರೀತಿಗೂ ಆರಾಧನೆಗೂ ನಡುವಿನ ಗೆರೆಯನ್ನು ಅವರು ಅತ್ಯಂತ ಕಠಿಣವಾದ ಗಳಿಗೆಯಲ್ಲಿ ಎಳೆದರು. ಈ ಗೆರೆಯ ವಿವೇಕವನ್ನು ನಮ್ಮ ನೆರೆಯವರಲ್ಲಿಯೂ ಕಾಣಬಹುದು. 2023ರ ಜನವರಿ 2ರಂದು ನಿಧನರಾದ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ತಮ್ಮ ದೇಹವನ್ನು ದಹಿಸಬೇಕು, ತಮಗಾಗಿ ಯಾವ ಸ್ಮಾರಕವನ್ನೂ ನಿರ್ಮಿಸಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಲಕ್ಷಾಂತರ ಜನರು ಅತ್ತರು. ಅವರ ಇಚ್ಛೆಯಂತೆಯೇ ನಡೆದುಕೊಂಡರು. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆ ನಮ್ಮ ನಾಡಿನದೇ.

ಕೊನೆಗೆ ಮೂರನೆಯ ಪ್ರಶ್ನೆ: ಕಣ್ಣೀರಿನಿಂದ ಯಾರಿಗೇನು ಲಾಭ? ಪುನೀತ್ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ನಾಲ್ವರಿಗೆ ದೃಷ್ಟಿ ಬಂತು. ಅವರ ತಂದೆಯ ಕಣ್ಣುಗಳನ್ನೂ ಹೀಗೆಯೇ ದಾನ ಮಾಡಲಾಗಿತ್ತು. ಆ ಮರಣದ ನಂತರ ರಾಜ್ಯದಲ್ಲಿ ಸಾವಿರಾರು ಜನರು ನೇತ್ರದಾನಕ್ಕೆ ಹೆಸರು ಬರೆಸಿದರು. ಅಂಗದಾನದ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದು ಬೇರೆಯೇ ಚರ್ಚೆ. ಆದರೆ ದುಃಖವು ಹೀಗೆ ಒಂದು ಕೆಲಸವಾಗಿ ಮಾರ್ಪಟ್ಟರೆ ಅದನ್ನು ವ್ಯರ್ಥವೆನ್ನಲಾಗದು. ಮೊಬೈಲಿನ ಸ್ಟೇಟಸ್ಸಿನಲ್ಲಿ 24 ಗಂಟೆ ಇದ್ದು ಅಳಿಸಿಹೋಗುವ ದುಃಖವನ್ನು ಮಾತ್ರ ಹಾಗೆ ಕರೆಯಬಹುದು.

ಈಗ ಪ್ರಶ್ನೆ ಕೇಳಿದ ಹಿರಿಯರ ಸರದಿ. ಮದೀನಾದ ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಕಪ್ಪು ಮಹಿಳೆ ಇದ್ದರು. ಅವರು ಕಾಣಿಸದಿದ್ದಾಗ ಪ್ರವಾದಿ(ಸ) ವಿಚಾರಿಸಿದರು. ಅವರು ತೀರಿಕೊಂಡರೆಂದೂ ದಫನ್ ಮುಗಿಯಿತೆಂದೂ ಜನರು ತಿಳಿಸಿದರು. ಅದನ್ನೊಂದು ದೊಡ್ಡ ವಿಷಯವೆಂದು ಅವರು ಎಣಿಸಿರಲಿಲ್ಲ. ನನಗೇಕೆ ತಿಳಿಸಲಿಲ್ಲವೆಂದು ಪ್ರವಾದಿ(ಸ) ಕೇಳಿದರು, ಆ ಕಬರ್ ತೋರಿಸುವಂತೆ ಹೇಳಿದರು, ಅಲ್ಲಿಗೆ ಹೋಗಿ ನಮಾಝ್ ಮಾಡಿದರು. ಸಮುದ್ರದಾಚೆಯ ದೊರೆಗಾಗಿ ಮತ್ತು ಮಸೀದಿಯ ಕಸ ಗುಡಿಸಿದ ಮಹಿಳೆಗಾಗಿ ನಿಂತದ್ದು ಒಂದೇ ಪಾದಗಳು. ನಮ್ಮ ಪಾದಗಳು ಎಲ್ಲಿ ನಿಲ್ಲುತ್ತವೆ?

ಬಸವಕಲ್ಯಾಣ ಲಾರಿಗಳ ಊರು; ಹುಮನಾಬಾದ್ ಹೆದ್ದಾರಿಗಳು ಕೂಡುವ ಊರು. ದೂರದ ರಸ್ತೆಯಲ್ಲಿ ಪ್ರಾಣಬಿಟ್ಟ ಚಾಲಕನ ಅಥವಾ ಕ್ಲೀನರ್ ಹುಡುಗನ ಶವ ನಡುರಾತ್ರಿ ಊರಿಗೆ ಬಂದಾಗ ಖಬರಸ್ತಾನದಲ್ಲಿ ಎಷ್ಟು ಜನರಿರುತ್ತಾರೆ? ನಮ್ಮ ಗಲ್ಲಿಯ ಚರಂಡಿ ಬಳಿದ ಪೌರಕಾರ್ಮಿಕ ಸತ್ತಾಗ ಅವನ ಮನೆಯ ಬಾಗಿಲಿಗೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ? ಅವನನ್ನಂತೂ ನಾವು ಕಂಡಿದ್ದೆವು, ದಿನವೂ ಕಂಡಿದ್ದೆವು. ಕಾಣದ ನಟನಿಗಾಗಿ ಅತ್ತ ಹುಡುಗನನ್ನು ಗದರಿಸುವ ಮುನ್ನ, ಕಂಡವರಿಗಾಗಿ ನಾವು ಅತ್ತದ್ದೆಷ್ಟು ಎಂಬ ಲೆಕ್ಕ ಕೊಡಬೇಕು. ಜನಾಝವನ್ನು ಹಿಂಬಾಲಿಸಿ ದಫನ್‌ವರೆಗೂ ನಿಂತವನಿಗೆ ಎರಡು ಬೆಟ್ಟಗಳಷ್ಟು ಪ್ರತಿಫಲವಿದೆ ಎಂಬ ಹದೀಸನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಆದರೆ ಸಿರಿವಂತನ ಜನಾಝಕ್ಕೆ ಜಾಗ ಸಾಲುವುದಿಲ್ಲ, ಬಡವನ ಜನಾಝಕ್ಕೆ ಹೆಗಲು ಸಾಲುವುದಿಲ್ಲ.

ನಜ್ಜಾಶಿಯ ಮುಂದೆ ನಿಂತು ಮಾತನಾಡಿದ ಜಅಫರ್(ರ) ಮುಂದೆ ಮುಅ್ತಾ ಯುದ್ಧದಲ್ಲಿ ಹುತಾತ್ಮರಾದಾಗ, ಅವರ ಮನೆಯವರಿಗಾಗಿ ಅಡುಗೆ ಮಾಡಿ ಕಳುಹಿಸಿರೆಂದು ಪ್ರವಾದಿ(ಸ) ಆಜ್ಞಾಪಿಸಿದರು, ಏಕೆಂದರೆ ಆ ಮನೆಯವರು ದುಃಖದಲ್ಲಿದ್ದರು. ನಮ್ಮಲ್ಲಿ ನಡೆಯುವುದೇನು? ಸತ್ತ ಮನೆಯವರೇ ಸಾಲ ಮಾಡಿ ಮೂರನೆಯ ದಿನದ ಜಿಯಾರತ್‌ಗೂ ನಲವತ್ತನೆಯ ದಿನಕ್ಕೂ ಊರಿಗೆ ಊಟ ಹಾಕಬೇಕು. ನಾವು ಉಂಡು ಬರುತ್ತೇವೆ.

ಆದ್ದರಿಂದ, ಯುವಕರೇ, ಒಳಿತು ಮಾಡಿ ಹೋದವರಿಗಾಗಿ ನಿಮ್ಮ ಕಣ್ಣು ತುಂಬಿದರೆ ನಾಚಬೇಡಿ. ಅವರಿಂದ ಕಲಿತ ಒಂದು ಒಳಿತನ್ನು ಮೂರು ದಿನಗಳೊಳಗೆ ಮಾಡಿ ತೋರಿಸಿ. ಹಿರಿಯರೇ, ಆ ಕಣ್ಣೀರನ್ನು ಒರೆಸಲು ಆತುರಪಡಬೇಡಿ. ಆ ಹುಡುಗನ ಕೈ ಹಿಡಿದು ನಿಮ್ಮದೇ ಗಲ್ಲಿಯಲ್ಲಿ ನಿನ್ನೆ ಸಾವಾದ ಮನೆಗೆ ಒಂದು ಬುತ್ತಿ ಊಟದೊಂದಿಗೆ ಕರೆದೊಯ್ಯಿರಿ. ದೂರದವರ ಋಣವನ್ನು ಅರಿಯುವ ಹೃದಯವನ್ನೂ ಹತ್ತಿರದವರ ಜನಾಝಕ್ಕೆ ತಪ್ಪದ ಪಾದಗಳನ್ನೂ ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.